ಹುಳದ ಮನೆಗೆ ಒಂದು ದಿನದ ದಾರಿ

ಕುವೆಂಪುನಗರದ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟೆ. ದಸರಾ ಮುಗಿದು ಎರಡು ವಾರವಾಗಿತ್ತು. ರಸ್ತೆಯ ದೀಪಾಲಂಕಾರ ಬಿಚ್ಚುವ ಕೆಲಸ ಇನ್ನೂ ಮುಗಿದಿರಲಿಲ್ಲ, ಗಾಳಿಯಲ್ಲಿ ಸಣ್ಣಗೆ ಚಳಿ ಶುರುವಾಗಿತ್ತು. ಅಪ್ಪ ಗೇಟಿನ ತನಕ ಬಂದರು. ಅವರಿಗೆ ಬಡಾವಣೆಯಲ್ಲೇ ಒಂದು ಜೆರಾಕ್ಸ್ ಅಂಗಡಿಯಿದೆ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಅರ್ಜಿ ಹಾಕುವವರ ಕಾಗದಗಳನ್ನೆಲ್ಲ ನಕಲು ತೆಗೆದುಕೊಟ್ಟು ಅವರಿಗೆ ಹೊರದೇಶದ ವ್ಯವಹಾರ ಒಂದಷ್ಟು ಗೊತ್ತು.

"ಅಂತರರಾಷ್ಟ್ರೀಯ ಅಧ್ಯಯನ ಅಂತ ಓದಿ, ಕೊನೆಗೆ ಟಿ. ನರಸೀಪುರದ ಕಡೆ ಹೊರಟ್ಯಲ್ಲಮ್ಮ" ಎಂದರು. ತಮಾಷೆಗೆ ಅಂದದ್ದು. ನಾನೂ ನಕ್ಕು ಬಸ್ ಸ್ಟಾಪಿನ ಕಡೆ ನಡೆದೆ.

ನಾನು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಕೊನೆಯ ಸೆಮಿಸ್ಟರಿಗೆ ಮುಂಚೆ ಎಲ್ಲರೂ ಒಂದು ಕ್ಷೇತ್ರಕಾರ್ಯ ಮಾಡಿ ವರದಿ ಕೊಡಬೇಕು. ತರಗತಿಯ ಹೆಚ್ಚಿನವರು ದೆಹಲಿಯನ್ನೋ ಬೆಂಗಳೂರನ್ನೋ ಆರಿಸಿಕೊಂಡರು. ನಾನು ಬೋಗಾದಿಯ ಒಂದು ರೇಷ್ಮೆ ತರಬೇತಿ ಕೇಂದ್ರವನ್ನು ಆರಿಸಿಕೊಂಡೆ. ಆಫ್ರಿಕಾದ ಬೇರೆ ಬೇರೆ ದೇಶಗಳ ಅಧಿಕಾರಿಗಳು ಅಲ್ಲಿಗೆ ಬಂದು ಎರಡು ತಿಂಗಳಿದ್ದು ರೇಷ್ಮೆ ಕೃಷಿ ಕಲಿಯುತ್ತಾರೆ. ಅವರನ್ನು ಹಳ್ಳಿಗೆ ಕರೆದೊಯ್ದಾಗ ರೈತರ ಕನ್ನಡವನ್ನು ಇಂಗ್ಲಿಷಿಗೆ, ಅವರ ಇಂಗ್ಲಿಷನ್ನು ಕನ್ನಡಕ್ಕೆ ಹೇಳಲು ಒಬ್ಬ ದುಭಾಷಿ ಬೇಕಿತ್ತು. ಆ ಕೆಲಸ ಚೆನ್ನಾಗಿ ಮಾಡಿದರೆ ಕೇಂದ್ರದವರು ನನ್ನ ಬಗ್ಗೆ ಒಂದು ಅಭಿಪ್ರಾಯದ ಕಾಗದ ಬರೆದುಕೊಡುತ್ತಾರೆ, ಹೊರದೇಶದ ಸಂಸ್ಥೆಯೊಂದರಲ್ಲಿ ಆರು ತಿಂಗಳ ತರಬೇತಿಗೆ ನಾನು ಹಾಕಬೇಕೆಂದಿದ್ದ ಅರ್ಜಿಯ ಜೊತೆಗೆ ಅದನ್ನು ಲಗತ್ತಿಸಬಹುದು ಎಂಬುದು ನನ್ನ ಲೆಕ್ಕ. ಇಂಗ್ಲಿಷು ಸಲೀಸು, ಕನ್ನಡ ಮನೆಮಾತು. ಇದರಲ್ಲಿ ಎಡವುವುದಕ್ಕೆ ಏನಿದೆ ಎಂದುಕೊಂಡಿದ್ದೆ.

ಸಿಟಿ ಬಸ್ಸಿನಲ್ಲಿ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟು ಪಡೆದು ಬೋಗಾದಿ ತಲುಪಿದಾಗ ಕೇಂದ್ರದ ವ್ಯಾನು ಸಿದ್ಧವಾಗಿ ನಿಂತಿತ್ತು. ಆ ದಿನ ಬಂದವರು ಇಬ್ಬರೇ ಅತಿಥಿಗಳು. ಗ್ರೇಸ್ ಎಂಬವರು ಕೀನ್ಯಾದವರು, ನಲವತ್ತು ದಾಟಿದ ಗಟ್ಟಿ ಹೆಂಗಸು. ಹದಿನೈದು ವರ್ಷ ಹಳ್ಳಿ ಹಳ್ಳಿ ತಿರುಗಿ ಕೋಳಿ ಸಾಕಣೆ ಹೇಳಿಕೊಟ್ಟವರಂತೆ. ತೆಸ್ಫಾಯೆ ಇಥಿಯೋಪಿಯಾದ ತರುಣ, ಅವರಿಗೆ ನೀರಾವರಿಯಲ್ಲಿ ಆಸಕ್ತಿ. ಇಬ್ಬರೂ ಮೈಸೂರಿಗೆ ಬಂದು ಎಂಟು ದಿನವಷ್ಟೇ ಆಗಿತ್ತು, ಅದುವರೆಗೆ ಆಗಿದ್ದ ಪಾಠಗಳೆಲ್ಲ ಹಿಪ್ಪುನೇರಳೆ ಸೊಪ್ಪು ಬೆಳೆಯುವುದರ ಮೇಲೆ. ಜೀವಂತ ರೇಷ್ಮೆಹುಳುವನ್ನು ಅವರಿನ್ನೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ನಮ್ಮ ಜೊತೆಗಿದ್ದ ಕೇಂದ್ರದ ಹಿರಿಯ ತಂತ್ರಜ್ಞ ಶಿವಮಲ್ಲಪ್ಪನವರಿಗೆ ಮಾತ್ರ ಹುಳುಗಳೊಂದಿಗೆ ಮೂವತ್ತು ವರ್ಷದ ಒಡನಾಟ.

ರಿಂಗ್ ರೋಡ್ ಹಿಡಿದು, ಬೆಟ್ಟವನ್ನು ಹಿಂದೆ ಬಿಟ್ಟು, ವರುಣದ ದಾರಿಗೆ ಬಿದ್ದೆವು. ಟಿ. ನರಸೀಪುರ ಸುಮಾರು ಮೂವತ್ತು ಕಿಲೋಮೀಟರು. ಅಷ್ಟು ದೂರದೊಳಗೆ ಗ್ರೇಸ್ ನನ್ನ ಓದಿನ ಬಗ್ಗೆ ಎಲ್ಲ ಕೇಳಿ ತಿಳಿದರು. ಯಾವ ದೇಶಕ್ಕೆ ಹೋಗಬೇಕೆಂದಿದ್ದೀಯ ಎಂದರು. ದೇಶ ಯಾವುದಾದರೂ ಸರಿ, ಎರಡು ಕಡೆಯವರ ನಡುವೆ ಕೂತು ಮಾತುಕತೆ ನಡೆಸುವಂಥ ಕೆಲಸವಾಗಬೇಕು ಎಂದೆ. ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಕಬ್ಬು, ಭತ್ತ, ಮತ್ತೆ ಕಬ್ಬು. ಪೇಟೆಯ ಹತ್ತಿರ ಕಪಿಲೆಯ ಸೇತುವೆ ದಾಟುವಾಗ ತೆಸ್ಫಾಯೆ ವ್ಯಾನು ನಿಲ್ಲಿಸಲು ಹೇಳಿ, ಇಳಿದು, ತುಂಬಿ ಹರಿಯುವ ನೀರನ್ನು ಸುಮಾರು ಹೊತ್ತು ನೋಡುತ್ತ ನಿಂತರು. ಪೇಟೆಯ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದೆವು. ಪ್ಲೇಟಿಗೆ ಐವತ್ತು ರೂಪಾಯಿ, ಚಟ್ನಿ ಕೇಳಿದಷ್ಟು.

ಅಲ್ಲಿಂದ ಕೊಳ್ಳೇಗಾಲದ ರಸ್ತೆ. ಮೂಗೂರು ದಾಟಿ ಸ್ವಲ್ಪ ದೂರ ಹೋಗಿ ಒಂದು ಕವಲುದಾರಿಗೆ ತಿರುಗಿ ನಾವು ಹೋದ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಒಂಬತ್ತೂವರೆಗೆ ಮಹದೇವಮ್ಮನವರ ಮನೆ ಮುಟ್ಟಿದೆವು. ಐವತ್ತೈದರ ಸುಮಾರಿನ ಹೆಂಗಸು, ಆ ಕೇರಿಯಲ್ಲಿ ಹುಳು ಸಾಕುವುದರಲ್ಲಿ ಹೆಸರು ಮಾಡಿದವರು. ಶಿವಮಲ್ಲಪ್ಪನವರು ನಮ್ಮನ್ನು ಪರಿಚಯಿಸಿ, ಹನಿ ನೀರಾವರಿ ತೋರಿಸಲು ತೆಸ್ಫಾಯೆಯವರನ್ನು ತೋಟಕ್ಕೆ ಕರೆದುಕೊಂಡು ಹೋದರು. ಒಂದು ಗಂಟೆಯಲ್ಲಿ ಬರುತ್ತೇವೆ, ಅಷ್ಟರಲ್ಲಿ ನೀವು ಹುಳದ ಮನೆ ನೋಡಿ ಎಂದರು. ಜಗಲಿಯ ಮೇಲೆ ಪಕ್ಕದ ಮನೆಯ ಪುಟ್ಟಮ್ಮ ಕೂತು ನಮ್ಮನ್ನೇ ನೋಡುತ್ತಿದ್ದರು. ಈ ಎರಡೂ ಮನೆಯವರು ಮರಿಹುಳುಗಳನ್ನು ಒಂದೇ ಕಡೆಯಿಂದ, ಒಂದೇ ದಿನ ತಂದಿದ್ದರು ಎಂಬುದು ಆಮೇಲೆ ತಿಳಿಯಿತು.

ಹುಳದ ಮನೆ ಎಂದರೆ ಜಗಲಿಯ ಮಗ್ಗುಲಿಗೇ ಬೇರೆಯಾಗಿ ಕಟ್ಟಿದ ಉದ್ದನೆಯ ಕೋಣೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿತ್ತು. ಅದರಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಹೋದೆವು. ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಒಳಗೆ ತಂಪು ಮಾಡಿದ್ದರು. ಅಂತಸ್ತು ಅಂತಸ್ತಾಗಿ ಕಟ್ಟಿದ ಹಾಸುಗಳ ಮೇಲೆ ಬೆರಳುದ್ದವೂ ಇಲ್ಲದ ಬಿಳಿ ಹುಳುಗಳು, ಸಾವಿರಗಟ್ಟಲೆ. ಆದರೆ ಒಂದೂ ಅಲುಗಾಡುತ್ತಿರಲಿಲ್ಲ. ಎಲ್ಲವೂ ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಾಗೇ ನಿಂತಿದ್ದವು. ಸೊಪ್ಪು ಮುಟ್ಟಿರಲಿಲ್ಲ. ಮೇಲೆ ಸುಣ್ಣದ ಪುಡಿ ಉದುರಿಸಿದ್ದರು.

ಗ್ರೇಸ್ ಯಾಕೆ ಹೀಗಿವೆ ಎಂದು ಕೇಳಿದರು. ಅದನ್ನೇ ನಾನು ಮಹದೇವಮ್ಮನವರಿಗೆ ಕನ್ನಡದಲ್ಲಿ ಕೇಳಿದೆ.

"ಉಳುಕ್ಕೆ ಜರ ಬಂದದೆ ಕನವ್ವ. ನಾಕ್ನೇ ಜರ. ಮುಟ್ಬ್ಯಾಡಿ" ಎಂದರು ಮಹದೇವಮ್ಮ.

ಆ ಕಡೆಯವರ ಬಾಯಲ್ಲಿ ಜ್ವರ ಎನ್ನುವುದು ಜರ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಗಳಿಗೆಯೂ ಯೋಚಿಸದೆ, ಹುಳುಗಳಿಗೆ ಜ್ವರ ಬಂದಿದೆಯಂತೆ, ಇದು ನಾಲ್ಕನೆಯ ಸಲವಂತೆ, ಮುಟ್ಟಬಾರದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಗ್ರೇಸ್ ಮುಖ ಬದಲಾಯಿತು. ನನ್ನ ತೋಳು ಹಿಡಿದು ಹೊರಗೆ ಕರೆದುತಂದರು. ಬಾಗಿಲ ನೀರಿನಲ್ಲಿ ಮತ್ತೆ ಕಾಲು ಅದ್ದಿದರು, ನನ್ನ ಕಾಲನ್ನೂ ಅದ್ದಿಸಿದರು. ನಾಲ್ಕು ಸಲ ರೋಗ ಬಂದಿದ್ದರೂ ಇವರು ಯಾರಿಗೂ ತಿಳಿಸಿಲ್ಲವೇ ಎಂದು ಕೇಳಿದರು. ಅವರ ಊರಿನಲ್ಲಿ ಒಂದು ಮನೆಯ ಕೋಳಿಗಳಿಗೆ ಬಂದ ರೋಗ ಭೇಟಿಗೆ ಬಂದವರ ಚಪ್ಪಲಿಯ ಮೂಲಕ ಇಡೀ ಹಳ್ಳಿಗೆ ಹರಡಿದ್ದನ್ನು ಕಣ್ಣಾರೆ ನೋಡಿದ್ದರಂತೆ. ಅವರು ಗಟ್ಟಿಯಾಗಿಯೇ ಮಾತಾಡುತ್ತಿದ್ದರು, 'ಡಿಸೀಸ್' ಎಂಬ ಪದ ಎರಡು ಮೂರು ಸಲ ಬಂತು.

ಹಿಂದೆಯೇ ಬಂದ ಮಹದೇವಮ್ಮ, ಯಾಕವ್ವ ಹೊರಕ್ಕೆ ಬಂದ್ರು, ಏನಂತಾರೆ ಎಂದು ಕೇಳಿದರು. ಆಗ ನಾನು ದಿನದ ಎರಡನೆಯ ತಪ್ಪು ಮಾಡಿದೆ. ಅತಿಥಿಗೂ ಮನೆಯವರಿಗೂ ಕಹಿಯಾಗದಿರಲಿ ಎಂದು, ಒಳಗೆ ಸೆಕೆಯಾಯಿತಂತೆ ಎಂದುಬಿಟ್ಟೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಹುಳುಗಳಿಗಾಗಿ ಬೆಳಗಿನಿಂದ ಗೋಣಿತಾಟಿಗೆ ನೀರು ಚಿಮುಕಿಸಿದವರಿಗೆ ಅದು ನಂಬುವಂಥ ಮಾತಾಗಿರಲಿಲ್ಲ. ಜಗಲಿಯಿಂದ ಪುಟ್ಟಮ್ಮ ಎದ್ದು ನಿಂತಿದ್ದರು.

"ಸೆಕೆ ಅನ್ನಿಲ್ಲ ಕನಕ್ಕ. ಡಿಸೀಸು ಅಂದ್ರು. ಆಸ್ಪತ್ರೆಲಿ ಕೇಳಿಲ್ವಾ ನಾನು ಆ ಮಾತ" ಎಂದವರೇ ಸರಸರ ಬೀದಿಗಿಳಿದರು. ಅವರ ಮನೆಯಲ್ಲೂ ಅದೇ ಕಡೆಯಿಂದ ತಂದ ಹುಳುಗಳು. ಕೇರಿಯಲ್ಲಿ ಇನ್ನೆರಡು ಮನೆಯಲ್ಲೂ ಅವೇ. ಒಂದು ಮನೆಯ ಹುಳುವಿಗೆ ರೋಗ ಎಂಬ ಸುದ್ದಿ ಹಬ್ಬಿದರೆ ಆ ಕೇರಿಯ ಗೂಡನ್ನೇ ಯಾರೂ ಕೊಳ್ಳುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಹದೇವಮ್ಮನವರ ಮುಖವೇ ಹೇಳುತ್ತಿತ್ತು.

"ನನ್ನ ಉಳುಕ್ಕೆ ರೋಗ ಅಂದೋರ್ಯಾರು?" ಎಂದರು. ಕೂಗಲಿಲ್ಲ. ಮೆಲ್ಲಗೇ ಕೇಳಿದರು.

ಇನ್ನೊಂದು ಸುಳ್ಳು ಹೇಳಿದರೆ ಅದನ್ನು ಮುಚ್ಚಲು ಮತ್ತೊಂದು ಹೇಳಬೇಕಾಗುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ಸೆಕೆ ಎಂದು ನಾನೇ ಸುಳ್ಳು ಹೇಳಿದೆ, ಅವರು ರೋಗದ ಬಗ್ಗೆ ಹೆದರಿ ಹೊರಗೆ ಬಂದರು ಎಂದು ಒಪ್ಪಿಕೊಂಡೆ. ಆಮೇಲೆ, "ನೀವೇ ಜ್ವರ ಅಂದ್ರಲ್ಲಮ್ಮ, ಅದನ್ನೇ ಹೇಳಿದೆ" ಎಂದೆ.

ಮಹದೇವಮ್ಮ ಒಳಗೆ ಹೋಗಿ, ಅಂಗೈಯಲ್ಲಿ ಏನನ್ನೋ ಹಿಡಿದು ತಂದರು. ಸುಕ್ಕುಸುಕ್ಕಾದ, ಕಂದು ಬಣ್ಣದ, ಉಗುರಿನಷ್ಟು ಸಣ್ಣ ಸಿಪ್ಪೆ.

"ಇದೇ ಕನವ್ವ ಜರ ಅಂದ್ರೆ. ಪೊರೆ ಬುಡೋದು. ಒಂದಿನ ತಿನ್ನದೆ ಅಂಗೇ ನಿಂತ್ಕಂಡು ಪೊರೆ ಬುಟ್ಬುಡ್ತವೆ. ನಾಕ್ ಜರ ಎದ್ರೇನೆ ಗೂಡು ಕಟ್ಟೋದು. ರೋಗ ಬಂದಿದ್ರೆ ನಿಮ್ಮುನ್ನ ಒಳಿಕ್ಕೆ ಬುಡ್ತಿದ್ನಾ ನಾನು?"

ಆ ಸಿಪ್ಪೆಯನ್ನು ತೆಗೆದುಕೊಂಡು ಗ್ರೇಸ್ ಬಳಿ ಹೋದೆ. ನಾನು ಹೇಳಿದ್ದು ತಪ್ಪು, ಇಲ್ಲಿಯವರು ಜ್ವರ ಎನ್ನುವುದು ಹುಳು ಚರ್ಮ ಕಳಚುವ ಹೊತ್ತಿಗೆ, ಪ್ರತಿ ಹುಳುವೂ ನಾಲ್ಕು ಸಲ ಕಳಚುತ್ತದೆ, ಇದು ಕೊನೆಯದು, ರೋಗ ಯಾವುದಕ್ಕೂ ಇಲ್ಲ ಎಂದು ವಿವರಿಸಿದೆ. ಸೆಕೆಯೆಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಗ್ರೇಸ್ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮೇಲೆ ಸಿಟ್ಟಾಗಲಿಲ್ಲ. ಆ ಇನ್ನೊಬ್ಬ ಹೆಂಗಸು ಎಲ್ಲಿಗೆ ಹೋದರು ಎಂದಷ್ಟೇ ಕೇಳಿದರು.

ಮೂವರೂ ಬೀದಿಗಿಳಿದೆವು. ಪುಟ್ಟಮ್ಮನ ಮನೆಯ ಮುಂದೆ ಆಗಲೇ ಐದಾರು ಹೆಂಗಸರು ಸೇರಿದ್ದರು. ಗ್ರೇಸ್ ಎಲ್ಲರಿಗೂ ಕೈ ಮುಗಿದು, ತಾನು ಕೋಳಿ ಸಾಕುವವಳು, ಹುಳುವಿನ ವಿಷಯ ಗೊತ್ತಿಲ್ಲದೆ ಹೆದರಿದೆ, ಮಹದೇವಮ್ಮನವರ ಹುಳದ ಮನೆಯಷ್ಟು ಚೊಕ್ಕಟವಾದ ಜಾಗವನ್ನು ತನ್ನ ಕೆಲಸದಲ್ಲಿ ಹೆಚ್ಚು ಕಂಡಿಲ್ಲ ಎಂದರು. ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಹೇಳಿ ನಿಲ್ಲಿಸಬಹುದಿತ್ತು. ಆದರೆ ತಪ್ಪು ಅವರದಾಗಿರಲಿಲ್ಲ. "ಅವರು ಹೆದರಿದ್ದು ನನ್ನಿಂದ. ಜ್ವರ ಅಂದ್ರೆ ಏನು ಅಂತ ಕೇಳದೆ ನಾನೇ ರೋಗ ಅನ್ನೋ ಹಾಗೆ ಹೇಳಿಬಿಟ್ಟೆ" ಎಂದೆ.

ಯಾವೂರು ನಿಂದು ಎಂದು ಪುಟ್ಟಮ್ಮ ಕೇಳಿದರು. ಮೈಸೂರು ಎಂದೆ. ಏನ್ ಓದ್ತಿದ್ದೀ ಎಂದರು. ದೇಶ ದೇಶಗಳ ನಡುವಿನ ವ್ಯವಹಾರದ ಓದು ಎಂದೆ.

"ಮೈಸೂರ್ಗೂ ನಮ್ಮೂರ್ಗೂ ಮೊದ್ಲು ಮಾತು ಸರಿಯಾಗ್ಲಿ ಬುಡು" ಎಂದರು ಪುಟ್ಟಮ್ಮ. ಎಲ್ಲರೂ ನಕ್ಕರು. ಮಹದೇವಮ್ಮ ಮಾತ್ರ ನಗಲಿಲ್ಲ. ಉಳಿದ ಎರಡು ಮನೆಗೂ ಹೋಗಿ ಇದನ್ನೇ ಹೇಳಿ ಬರಬೇಕು ಎಂದರು. ಹೋಗಿ ಹೇಳಿದೆವು. ಎರಡನೆಯ ಮನೆಯಿಂದ ಹಿಂತಿರುಗುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು.

ಮತ್ತೆ ಕಾಲು ಅದ್ದಿ ಒಳಗೆ ಹೋದೆವು. ಈ ಸಲ ನನಗೆ ಆತುರವಿರಲಿಲ್ಲ. ಹುಳ ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುತ್ತೇವೆ ಎಂದು ಅವರು ಹೇಳಿದಾಗ, ಹಣ್ಣಾಗುವುದು ಎಂದರೇನು, ಚಂದ್ರಿಕೆ ಎಂದರೇನು ಎಂದು ಕೇಳಿ, ಅವರು ಬಿಡಿಸಿ ಹೇಳಿದ ಮೇಲಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಗೂಡು ಕಟ್ಟಲು ಸಿದ್ಧವಾದ ಹುಳುವಿನ ಮೈ ಹಳದಿಯಾಗಿ ಹೊಳೆಯುತ್ತದೆ, ಅದೇ ಹಣ್ಣಾಗುವುದು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಅವನ್ನು ಬಿಡುವ ಬಿದಿರಿನ ತಟ್ಟಿ. ಒಂದೊಂದು ಉತ್ತರಕ್ಕೂ ಎರಡರಷ್ಟು ಹೊತ್ತು ಹಿಡಿಯಿತು. ಗ್ರೇಸ್ ಟಿಪ್ಪಣಿ ಬರೆಯುತ್ತಿದ್ದ ಪುಸ್ತಕದ ಎಂಟು ಪುಟ ತುಂಬಿದವು. ಆ ಎಂಟು ಪುಟಗಳಲ್ಲಿ ನನ್ನ ಊಹೆ ಒಂದೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಒಂದು ಗಂಟೆಯಲ್ಲಿ ಬರುತ್ತೇವೆಂದವರು ಮಧ್ಯಾಹ್ನವೇ ತೋಟದಿಂದ ಬಂದದ್ದು, ತೆಸ್ಫಾಯೆ ಪ್ಯಾಂಟು ಮೊಣಕಾಲ ತನಕ ಕೆಸರು. ಊಟಕ್ಕೆ ರಾಗಿಮುದ್ದೆ, ಉಪ್ಸಾರು, ಅದರ ಖಾರ. ಗ್ರೇಸ್ ಯಾರೂ ಹೇಳಿಕೊಡದೆಯೇ ಮುದ್ದೆಯನ್ನು ಬೆರಳಲ್ಲಿ ಮುರಿದು, ಅದ್ದಿ ನುಂಗಿದರು. ಅವರ ಮನೆಯಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದೇ ಮಾಡುತ್ತಾರಂತೆ. ಮಹದೇವಮ್ಮ ಕೇಳದೆಯೇ ಅವರಿಗೆ ಇನ್ನೊಂದು ಮುದ್ದೆ ಹಾಕಿದರು.

ಮೂರು ಗಂಟೆಗೆ ಹೊರಟೆವು. ವ್ಯಾನು ಮುಖ್ಯರಸ್ತೆಗೆ ಬರುತ್ತಿದ್ದಂತೆ ನಡೆದದ್ದನ್ನೆಲ್ಲ ಶಿವಮಲ್ಲಪ್ಪನವರಿಗೆ ಹೇಳಿದೆ. ಅಭಿಪ್ರಾಯದ ಕಾಗದ ಹೋದರೂ ಹೋಗಲಿ, ಬೇರೆಯವರಿಂದ ತಿಳಿಯುವುದು ಬೇಡ ಎನ್ನಿಸಿತ್ತು. ಅವರು ಟಿ. ನರಸೀಪುರದಲ್ಲಿ ವ್ಯಾನು ನಿಲ್ಲಿಸಲು ಹೇಳಿದರು. ಅಲ್ಲಿ ಚಹಾ ಕುಡಿಯುವಾಗ, ತಪ್ಪು ತನ್ನದೂ ಇದೆ, ಹೊಸಬರನ್ನು ಹುಳದ ಮನೆಯಲ್ಲಿ ಬಿಟ್ಟು ತೋಟಕ್ಕೆ ಹೋಗಬಾರದಿತ್ತು ಎಂದರು. ಆಮೇಲೆ ಗ್ರೇಸ್ ಕಡೆ ತಿರುಗಿ, ಮುಂದಿನ ವಾರದ ಭೇಟಿಗೆ ಬೇರೆ ದುಭಾಷಿಯನ್ನು ನೋಡಲೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಲೋಟವನ್ನೇ ನೋಡುತ್ತಿದ್ದೆ.

ಬೇಡ, ಇವಳೇ ಬರಲಿ ಎಂದರು ಗ್ರೇಸ್. ತಪ್ಪು ಮಾಡದ ದುಭಾಷಿಯನ್ನು ತಾನು ಈವರೆಗೆ ನೋಡಿಲ್ಲ, ಮನೆಮನೆಗೆ ಹೋಗಿ ಅದನ್ನು ಸರಿಪಡಿಸಿದವಳನ್ನು ಮಾತ್ರ ಇಂದು ನೋಡಿದೆ ಎಂದರು.

ಮುಂದಿನ ವಾರ ಒಂದು ದಿನ ಮೊದಲೇ ಬಸ್ಸಿನಲ್ಲಿ ಹೋಗಿ ಮಹದೇವಮ್ಮನವರ ಮನೆಯಲ್ಲಿ ಉಳಿಯಲು ಒಪ್ಪಿಗೆ ಕೊಡಿ ಎಂದು ಶಿವಮಲ್ಲಪ್ಪನವರನ್ನು ಕೇಳಿದೆ. ಹುಳು ಹಣ್ಣಾಗುವ ಹೊತ್ತಿಗೆ ಅವರಿಗೂ ಕೈ ಬೇಕಾಗುತ್ತದೆ, ಸುಮ್ಮನೆ ಕೂರಿಸುವುದಿಲ್ಲ ನೋಡು ಎಂದು ಎಚ್ಚರಿಸಿ ಒಪ್ಪಿದರು.

ಬೋಗಾದಿಯಲ್ಲಿ ಇಳಿದಾಗ ಐದು ದಾಟಿತ್ತು. ಕಟ್ಟುತ್ತಿರುವ ಮನೆಗಳಿಂದ ಗಾರೆ ಕೆಲಸದವರು ಸೈಕಲ್ಲು ಹತ್ತಿ ಹೊರಟಿದ್ದರು. ವ್ಯಾನಿನ ಕಿಟಕಿಯಿಂದ ಗ್ರೇಸ್ ಕೈಯೆತ್ತಿದರು, ನಾನೂ ಎತ್ತಿದೆ. ವ್ಯಾನು ಕೇಂದ್ರದ ಗೇಟಿನೊಳಗೆ ಮರೆಯಾಗುವ ತನಕ ನಿಂತಿದ್ದು ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಮೊಬೈಲು ತೆರೆದು, ಕ್ಷೇತ್ರಕಾರ್ಯದ ವರದಿಯ ಮೊದಲ ಸಾಲು ಬರೆದೆ: ಮಹದೇವಮ್ಮನವರ ಹುಳುಗಳು ಆರೋಗ್ಯವಾಗಿದ್ದವು, ತಪ್ಪಿದ್ದು ನನ್ನ ಅನುವಾದದಲ್ಲಿ.