ಲೈನ್‌ಮ್ಯಾನ್‌ನ ಬಲಗೈ

ಸಾಗರದಲ್ಲಿ ಈಗ ಮೂಲೆಗೊಂದು ಯೋಗ ಕ್ಲಾಸು. ನನಗೆ ಮಾತ್ರ ಕಾರ್ಗಲ್ ಕಾಲೊನಿಯ ಆ ಹಳೇ ಯೋಗದ ಹಾಲೇ ನೆನಪಾಗುತ್ತದೆ. ಕಿಟಕಿಯಿಂದ ಬೀಳುತ್ತಿದ್ದ ಎಳೆಬಿಸಿಲು, ಮನೆಯಿಂದ ಸುತ್ತಿಕೊಂಡು ಹೋಗುತ್ತಿದ್ದ ಚಾಪೆ, ಕೊನೆಗೆ ಟೀಚರ್ ಎಲ್ಲರಿಗೂ ಬಗ್ಗಿಸಿ ಕೊಡುತ್ತಿದ್ದ ಬಿಸಿ ಕಷಾಯ. ಅದೆಲ್ಲ ಇನ್ನೊಮ್ಮೆ ಸಿಗಬಾರದೇ ಅನಿಸುತ್ತದೆ.

ಆಗ ನಾನು ಲೈನ್‌ಮ್ಯಾನ್. ಹೊಸನಗರದ ದಾರಿಯಲ್ಲಿ ಕಂಬ ಹತ್ತಿದವನು ಶಾಕ್ ಹೊಡೆದು ಕೆಳಗೆ ಬಿದ್ದೆ. ಸುಟ್ಟ ಗಾಯ ಮಾಯಿತು, ಬಲಗೈ ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಮಿಕ್ಸಿ ಸದ್ದಿಗೂ ಬೆಚ್ಚಿಬೀಳುತ್ತಿದ್ದೆ. ನರಕ್ಕೇನೂ ಆಗಿಲ್ಲ ಎಂದರು ಡಾಕ್ಟರು. ಹೆಂಡತಿ ಹಟ ಹಿಡಿದು ಕ್ಲಾಸಿಗೆ ಅಟ್ಟಿದಳು.

ಶಾಲೆಯಿಂದ ನಿವೃತ್ತರಾದ ಟೀಚರೇ ಅಲ್ಲಿ ಹೇಳಿಕೊಡುತ್ತಿದ್ದವರು. ಶವಾಸನದಲ್ಲಿ ಎಲ್ಲರ ಅಂಗೈ ಮೇಲ್ಮುಖವಾಗಿದ್ದರೆ ನನ್ನದು ಮುಚ್ಚಿಯೇ ಇರುತ್ತಿತ್ತು.

“ಅನುಭವಿಸಿದ್ದು ಚಿತ್ತದಲ್ಲಿ ಸಂಸ್ಕಾರವಾಗಿ ಕೂತಿರುತ್ತೆ. ಬಚ್ಚಿಟ್ರೆ ಮೈ ಅದನ್ನ ಹಿಡ್ಕೊಂಡೇ ಇರುತ್ತೆ” ಎಂದರು.

“ಅದಕ್ಕೆ ಯಾವ ಆಸನ, ಟೀಚರ್?”

“ಯೋಗದಲ್ಲಿ ಆಸನ ಮೂರನೇ ಮೆಟ್ಲು ಕಣ್ರೀ. ಮೊದಲ್ನೇದು ಯಮ, ಅಂದ್ರೆ ನಡತೆಯ ಕಟ್ಟುಪಾಡು. ಅದ್ರಲ್ಲಿ ಸತ್ಯ ಅಂತ ಒಂದಿದೆ. ಅಲ್ಲಿಂದ ಶುರು ಮಾಡಿ.”

ನಾನು ಬಚ್ಚಿಟ್ಟಿದ್ದು ಒಂದಿತ್ತು. ಲೈನ್ ಆಫ್ ಮಾಡಿದ ಮೇಲೂ ತಂತಿಯಲ್ಲಿ ಕರೆಂಟು ಉಳಿದಿರಬಹುದು. ಅದನ್ನು ನೆಲಕ್ಕಿಳಿಸಲು ಮೊದಲು ಅರ್ತಿಂಗ್ ರಾಡ್ ಹಾಕಬೇಕು. ಅಂದು ಕೆಲಸಕ್ಕೆ ಜೊತೆಗಿದ್ದ, ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಗೆಳೆಯ ರಾಡ್ ಎತ್ತಿಯೇ ಇದ್ದ. ತಡವಾದರೆ ಮದುವೆಯೂಟ ತಪ್ಪೀತೆಂದು ಬೇಡ ಅಂದವನು ನಾನು. ವಿಚಾರಣೆಯಲ್ಲಿ ಮಾತ್ರ, ಅವನೇ ಮರೆತ ಎಂದುಬಿಟ್ಟೆ. ಅವನ ಬಡ್ತಿ ತಪ್ಪಿತು. ಒಂದು ಮಾತೂ ಎದುರಾಡದೆ ದಿನಾ ಆಸ್ಪತ್ರೆಗೆ ಗಂಜಿ ತಂದ. ಅದನ್ನು ಕುಡಿದೆನಲ್ಲ, ನಾಚಿಕೆಗೆಟ್ಟವನು!

ಅವನು ರಜೆಗೆ ಊರಿಗೆ ಹೋಗಿದ್ದಾಗ ನಾನೂ ತೀರ್ಥಹಳ್ಳಿ ಬಸ್ಸು ಹತ್ತಿದೆ. ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ.

“ತಪ್ಪು ನಂದೇ ಅಂತ ಬರ್ದು ಕೊಡ್ತೀನಿ” ಅಂದೆ.

ಅವನು ತಲೆ ಎತ್ತಲಿಲ್ಲ. “ರಾಡು ನನ್ ಕೈಲೇ ಇತ್ತಲ್ಲ ಮಾರಾಯ. ನೀ ಬೇಡ ಅಂದ್ಕೂಡ್ಲೇ ನಾನ್ಯಾಕೆ ಕೆಳಗಿಟ್ಟೆ? ಆವತ್ತಿಂದ ನಂಗೆ ನಿದ್ದೆ ಇಲ್ಲ.”

ಅವನಿಗೂ ಪೆಟ್ಟಾಗಿದೆಯೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆಫೀಸಿಗೆ ಬರೆದುಕೊಟ್ಟೆ, ಸಾಹೇಬರಿಂದ ಬೈಸಿಕೊಂಡೆ. ರಜೆ ಮುಗಿಸಿ ಬಂದವನನ್ನು ಕ್ಲಾಸಿಗೆ ಎಳೆದುಕೊಂಡು ಹೋದೆ.

ಶವಾಸನದಲ್ಲಿ ಕಣ್ಣು ಮುಚ್ಚಿರಬೇಕು. ನಾನು ಕದ್ದು ಪಕ್ಕಕ್ಕೆ ನೋಡಿದೆ. ಅವನ ಎರಡೂ ಮುಷ್ಟಿ ಬಿಗಿದಿದ್ದವು. ಮೆಲ್ಲಗೆ ಒಂದರ ಮೇಲೆ ನನ್ನ ಬಲಗೈ ಇಟ್ಟೆ. ಇಟ್ಟಮೇಲೆ ಗೊತ್ತಾಯಿತು, ನನ್ನ ಬೆರಳು ಬಿಚ್ಚಿದ್ದವು.