ಭರಮು ಕೈಯಲ್ಲೇ ಕೊಟ್ಟ ಚಾಕು

ಉಗಾರ ಖುರ್ದದ ಭರಮುವಿಗೆ ಚಾಕುವಿನ ಹುಚ್ಚು. ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಕೆಲಸ ಮುಗಿಸಿ ಬಂದವನು ಚಹಾ ಕುಡಿದು ನೇರ ಹಿತ್ತಲಿಗೆ ಹೋಗುತ್ತಾನೆ. ಕಬ್ಬಿನ ಟ್ರೇಲರಿನ ಮುರಿದ ಉಕ್ಕಿನ ಕಮಾನುಪಟ್ಟಿಯನ್ನು ಕಾಸಿ, ಬಡಿದು, ಉಜ್ಜಿ ಚಾಕು ಮಾಡುತ್ತಾನೆ. ಅಜ್ಜ ಅಥಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. ಆ ಹೊಲಿಗೆ ಮೊಮ್ಮಗನ ಕೈಗೆ ಇಳಿದಿದೆ. ಅವನು ಹೊಲಿದ ತೊಗಲಿನ ಒರೆಗೆ ಚಾಕು ಇಳಿಸಿ, ತಲೆಕೆಳಗು ಮಾಡಿ ಜಾಡಿಸಿದರೂ ಬೀಳುವುದಿಲ್ಲ. ಮಿರಜ, ನಿಪ್ಪಾಣಿಯ ಗುಜರಿಗಳಲ್ಲಿ ಹುಡುಕಿ ತಂದ ಹಳೆಯ ಮಡಚುವ ಚಾಕುಗಳು ಹತ್ತೊಂಬತ್ತು. ಬಿಸ್ಕೀಟಿನ ಡಬ್ಬಿಯಲ್ಲಿ ಎಣ್ಣೆಬಟ್ಟೆ ಸುತ್ತಿ ಇಟ್ಟಿದ್ದಾನೆ. ಹೆಂಡತಿಯ ಬಂಗಾರವೂ ಅಷ್ಟು ಜೋಪಾನವಾಗಿಲ್ಲ.

ಮಂಗಸೂಳಿ ಹಾದಿಯ ಸಾವಕಾರ ತಾತ್ಯಾಸಾಹೇಬರಿಗೂ ಅದೇ ಹುಚ್ಚು, ಆದರೆ ಅದು ದೊಡ್ಡವರ ಹುಚ್ಚು. ವಾಡೆಯೆಂಬ ಅವರ ದೊಡ್ಡ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು, ಅದರೊಳಗೆ ಮುನ್ನೂರು ಚಾಕು. ಹದಿನೆಂಟು ವರ್ಷದಿಂದ ಅವುಗಳ ರಿಪೇರಿ, ಹೊಸ ಒರೆ ಎಲ್ಲ ಭರಮುವಿನದೇ. ಇಬ್ಬರೂ ಚಾಕುವಿನ ಮಾತಿಗೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸಾವಕಾರರು ಕುರ್ಚಿಯ ಮೇಲೆ, ಭರಮು ಮೆಟ್ಟಿಲ ಮೇಲೆ.

ಈ ಕಡೆ ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳ ಬೀಳುತ್ತದೆ ಎಂಬ ನಂಬಿಕೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ತಾತ್ಯಾಸಾಹೇಬರು ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಭರಮು ಚಾಕು ತಂದಾಗಲೆಲ್ಲ ಮೆಟ್ಟಿಲ ಕಡೆ ಬೆರಳು ತೋರಿಸಿ, "ಇಡಪಾ ಅಲ್ಲೆ" ಎನ್ನುತ್ತಿದ್ದರು. ಭರಮು ಮನೆಗೆ ಬಂದು ಹೆಂಡತಿ ನೀಲಮಳ ಮುಂದೆ ಹೊಗಳುತ್ತಿದ್ದ: "ಸಾವಕಾರ್ರು ಎಂದೂ ಕೈಯಾಗ ತಗೊಳ್ಳಂಗಿಲ್ಲ. ನನ್ನ ಜೋಡಿ ಜಗಳ ಆಗಬಾರದು ಅಂತ ಅವರಿಗೂ ಐತಿ." ನೀಲಮ ರೊಟ್ಟಿ ತಿರುವಿ ಹಾಕುತ್ತಿದ್ದಳು. ಎಂಥ ಬೋಳೇಶಂಕರನನ್ನು ಕಟ್ಟಿಕೊಂಡೆ ಎಂದು ಅವಳಿಗೆ ಅನಿಸಿರಬೇಕು.

ಕಳೆದ ದೀಪಾವಳಿಯ ಮುಂಚೆ ಕೊಲ್ಲಾಪುರದಿಂದ ವಿಕ್ರಾಂತ ಎಂಬ ಸಂಗ್ರಹಕಾರ ವಾಡೆಗೆ ಬಂದಿದ್ದ. ಅವನು ಕಿಸೆಯಿಂದ ಒಂದು ಚಾಕು ತೆಗೆದು ಚಾಚಿದ. ತಾತ್ಯಾಸಾಹೇಬರು ಅದನ್ನು ಅವನ ಕೈಯಿಂದಲೇ ತೆಗೆದುಕೊಂಡರು. ತಿರುಗಿಸಿ ನೋಡಿ, ಅವನ ಕೈಗೇ ವಾಪಸು ಕೊಟ್ಟರು. ಹಾಗೆ ಆರೇಳು ಚಾಕು ಕೈ ಬದಲಾದವು. ಮೆಟ್ಟಿಲ ಬಳಿ ಹೊಸ ಒರೆ ಹಿಡಿದು ನಿಂತ ಭರಮು ನೋಡುತ್ತಲೇ ಇದ್ದ. ಆಮೇಲೆ ಸಾವಕಾರರು ಅವನ ಕಡೆ ತಿರುಗಿ ಅಂದರು: "ಇಡಪಾ ಅಲ್ಲೆ."

ಅದೂ ಬರೀ ಒರೆ! ಒರೆಯನ್ನು ಕೈಯಲ್ಲಿ ಕೊಟ್ಟರೆ ಯಾವ ಜಗಳ? ಭರಮುವಿಗೆ ಮೈಯೆಲ್ಲ ಬೆಂಕಿಯಾಯಿತು. ಅದು ಚಾಕುವಿನ ಶಾಸ್ತ್ರವಾಗಿರಲಿಲ್ಲ, ಜಾತಿಯ ಶಾಸ್ತ್ರವಾಗಿತ್ತು: ನೆಲ ಮುಟ್ಟಿಸಿ ಎತ್ತಿದರೆ ಮೈಲಿಗೆ ಇಲ್ಲ.

ಮನೆಗೆ ಬಂದು ಹೇಳಿದಾಗ, "ವಾಡೇದಾಗ ನಿಮ್ಮ ಚಹಾದ ಕಪ್ಪು ಬ್ಯಾರೆ ಐತಿ, ನೀವ ತೊಳದು ಗೂಡಿನ್ಯಾಗ ಇಟ್ಟು ಬರ್ತೀರಿ. ನೀವ ಹೇಳಿದ್ದು" ಎಂದಳು ನೀಲಮ. "ಚಾಕು ಒಂದ ಬಿಟ್ಟು ನಿಮಗ ಮತ್ತೇನರ ಕಾಣತೈತೇನ್ರಿ?"

ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಭರಮು ಅವತ್ತೇ ನಿಶ್ಚಯಿಸಿದ. ಅವಕಾಶ ತಾನಾಗಿ ಬಂತು. ತಾತ್ಯಾಸಾಹೇಬರ ಅಜ್ಜನದೊಂದು ಚಾಕು ಇತ್ತು, ಎರಡು ಅಲಗಿನ ಮಡಚುವಂಥದು, ಜಿಂಕೆ ಕೊಂಬಿನ ಹಿಡಿ. ಕಪಾಟಿನಲ್ಲಿ ಅದಕ್ಕೇ ನಡುವಿನ ಜಾಗ. ಅದರ ಒಳಗಿನ ಸ್ಪ್ರಿಂಗು ಮುರಿದಿತ್ತು. ಮುಂದಿನ ರವಿವಾರ ಹನ್ನೆರಡು ಮಂದಿ ಸಂಗ್ರಹಕಾರರು ಅದನ್ನೇ ನೋಡಲು ಬರುವವರಿದ್ದರು. ಕೊಲ್ಲಾಪುರದಲ್ಲಿ ಯಾರೂ ಕೈ ಹಚ್ಚದೆ ಚಾಕು ಮತ್ತೆ ಭರಮುವಿನ ಹಿತ್ತಲಿಗೇ ಬಂತು.

ಹೊಸ ಸ್ಪ್ರಿಂಗನ್ನು ಕಾಸಿ ತುಸು ಹೆಚ್ಚು ಗಡಸು ಮಾಡಿದರೆ ಸಾಕು, ಎಲ್ಲರೆದುರು ಪಟ್ಟನೆ ಮುರಿಯುತ್ತಿತ್ತು. ಎರಡು ದಿನ ಅದೇ ಯೋಚಿಸಿದ. ಕೈ ಒಪ್ಪಲಿಲ್ಲ. ತಪ್ಪು ಸಾವಕಾರನದು, ಚಾಕುವಿನದಲ್ಲ. ಶುಕ್ರವಾರವೇ ಕೆಲಸ ಚೊಕ್ಕಟವಾಗಿ ಮುಗಿಸಿದ, ಆದರೆ ಕೊಡಲಿಲ್ಲ. ಫೋನು ಬಂದಾಗಲೆಲ್ಲ "ಆಗಾಕತ್ತೈತ್ರಿ, ನಾನ ತರ್ತೀನಿ" ಅಂದ.

ರವಿವಾರ ಹನ್ನೊಂದಕ್ಕೆ ಪಡಸಾಲೆ ತುಂಬಿದಾಗ ಭರಮು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮೆಟ್ಟಿಲ ಬಳಿ ನಿಲ್ಲಲಿಲ್ಲ. ಮೇಲೆ ಹತ್ತಿ, ಅಂಗೈಯಲ್ಲಿ ಚಾಕು ಇಟ್ಟು ಸಾವಕಾರರ ಮುಂದೆ ಚಾಚಿದ.

"ಇಡಪಾ ಅಲ್ಲೆ."

"ಕೆಳಗ ಇಡಂಗಿಲ್ರಿ. ಹೊಸಾ ಎಣ್ಣಿ ಐತಿ, ಧೂಳ ಹಿಡೀತೈತಿ. ಕೈಯಾಗ ತಗೋರಿ."

ವಿಕ್ರಾಂತ ಕೈ ಮುಂದೆ ಮಾಡಿದ. ಭರಮು ಚಾಕು ಹಿಂದೆ ಎಳೆದುಕೊಂಡ. "ಮೊದಲ ಮಾಲಕರ ಕೈಗೆ ಹೋಗಬೇಕ್ರಿ."

ಹನ್ನೆರಡು ಜೋಡಿ ಕಣ್ಣು ನೋಡುತ್ತಿದ್ದವು. ತಾತ್ಯಾಸಾಹೇಬರು ಎರಡು ಬೆರಳ ತುದಿಯಿಂದ ಚಾಕು ಹಿಡಿಯಲು ಬಂದರು. ಭರಮು ತನ್ನ ಎಡಗೈಯನ್ನೂ ಮೇಲೆ ಮುಚ್ಚಿ, ಅವರ ಕೈಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿದ. ಸಾವಕಾರರ ಅಂಗೈ ಬೆವತಿತ್ತು. ಹದಿನೆಂಟು ವರ್ಷದಲ್ಲಿ ಇಷ್ಟು ಸುಖ ಭರಮುವಿಗೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

ಅಷ್ಟಕ್ಕೆ ಮುಗಿಯಿತೆಂದೇ ಅವನು ಹೊರಟಿದ್ದ. ಅತಿಥಿಗಳು ಊಟಕ್ಕೆ ಎದ್ದರು. ಭರಮು ವಾಡೆಯ ಪಕ್ಕದಲ್ಲಿ ನಿಲ್ಲಿಸಿದ್ದ ಗಾಡಿ ತೆಗೆಯುವಾಗ ಹಿತ್ತಲ ನಳದ ಸಪ್ಪಳ ಕೇಳಿತು. ತಾತ್ಯಾಸಾಹೇಬರು ಒಬ್ಬರೇ ನಿಂತು ಕೈ ತೊಳೆಯುತ್ತಿದ್ದರು. ಕೈಯಷ್ಟೇ ಅಲ್ಲ, ಅಜ್ಜನ ಚಾಕುವನ್ನೂ ಬಿಚ್ಚಿ ನಳದ ಕೆಳಗೆ ಹಿಡಿದಿದ್ದರು. ಹಳೆಯ ಉಕ್ಕು ಅದು, ಕೀಲಿನೊಳಗೆ ನೀರು ಇಳಿದರೆ ಒಳಗಿಂದಲೇ ತುಕ್ಕು ತಿನ್ನುತ್ತದೆ. ಇದನ್ನು ಅವರು ಬಲ್ಲಷ್ಟು ಬೇರೆ ಯಾರು ಬಲ್ಲರು? 'ಬ್ಯಾಡ್ರಿ' ಎಂಬ ಮಾತು ಭರಮುವಿನ ನಾಲಿಗೆಯವರೆಗೂ ಬಂತು. ನುಂಗಿದ. ತೊಳಿ ಮಗನೆ, ಚೆನ್ನಾಗಿ ತೊಳಿ ಎಂದುಕೊಂಡು ಗಾಡಿಗೆ ಕಿಕ್ ಹೊಡೆದ.

ಒಂದು ತಿಂಗಳಾದ ಮೇಲೆ ಸಾವಕಾರರ ಕಾರು ಉಗಾರದ ಓಣಿಗೆ ಬಂತು. ಅಲಗು ಹಿಡಿಯೊಳಗೇ ಕಚ್ಚಿಕೊಂಡು ಕೂತಿತ್ತು, ಹೊರಗೆ ಬರುತ್ತಿರಲಿಲ್ಲ. ಭರಮು ಚಾಕು ತಿರುಗಿಸಿ ನೋಡಿದ.

"ಇದರಾಗ ನೀರ ಹೆಂಗ ಹೋತ್ರಿ?"

ತಾತ್ಯಾಸಾಹೇಬರು ಧೋತರದ ಚುಂಗಿಗೆ ಕೈ ಒರೆಸಿಕೊಂಡರು.

"ಹೇಳ್ರಿ. ಯಾಕ ತೊಳದ್ರಿ ಅಂತ ನಿಮ್ಮ ಬಾಯಿಲೆ ಹೇಳ್ರಿ. ಹೇಳಿದ್ರ ಈಗ ಬಿಚ್ಚಿ ಕೊಡ್ತೀನಿ, ರೊಕ್ಕನೂ ಬ್ಯಾಡ."

ಬಾಗಿಲಲ್ಲಿ ನೀಲಮ ನಿಂತಿದ್ದಳು. ಸಾವಕಾರರು ಅವಳನ್ನು ನೋಡಿದರು, ಅಜ್ಜನ ಚಾಕುವನ್ನು ನೋಡಿದರು. ಕಡೆಗೆ ಭರಮು ಕಟ್ಟೆಯ ಮೇಲೆ ಇಟ್ಟ ಚಾಕು ಎತ್ತಿಕೊಂಡು ಕಾರು ಹತ್ತಿದರು.

ಬಿಚ್ಚಿ, ತುಕ್ಕು ಕೆರೆದು, ಎಣ್ಣೆ ಬಿಡಲು ಅರ್ಧ ತಾಸು ಸಾಕಾಗುತ್ತಿತ್ತು. ಈಗಲೂ ಆ ಚಾಕು ಮುಚ್ಚಿಕೊಂಡೇ ಕಪಾಟಿನಲ್ಲಿದೆ. ಬಂದವರು ಬಿಚ್ಚಿ ತೋರಿಸಿ ಎಂದರೆ ಸಾವಕಾರರು ಏನೋ ನೆವ ಹೇಳುತ್ತಾರಂತೆ. ಆ ಸುದ್ದಿ ಕಿವಿಗೆ ಬಿದ್ದ ದಿನ ಭರಮು ಒಂದು ರೊಟ್ಟಿ ಹೆಚ್ಚು ತಿನ್ನುತ್ತಾನೆ.