ಮುಳ್ಳಿಲ್ಲದ ಮೀನು

ಕಲ್ಯಾಣದ ಕುಲ್ಸುಮ್ ಬೀಯ ಗಂಡ ಗಯಾಸುದ್ದೀನನಿಗೆ ಕಣ್ಣು ಕಾಣುತ್ತಿರಲಿಲ್ಲ. ಕೆರೆಮೀನು ಬೇಯಿಸಿದ ದಿನ ಆಕೆ ಮುಳ್ಳು ಆರಿಸಿ, ಬೆರಳಿಂದ ತಡವಿ ನೋಡಿ, ತುತ್ತನ್ನು ಅವನ ಕೈಗಿಡುತ್ತಿದ್ದಳು. ಮದುವೆಯಾದಾಗಿನಿಂದ ಇದೇ ನಡೆದಿತ್ತು. ನಲವತ್ತೊಂದನೇ ಇಸವಿಯಲ್ಲಿ ಅವನು ತೀರಿಕೊಂಡ. ಆಕೆ ಅಳಲಿಲ್ಲ. ಅದಕ್ಕೂ ಮಂದಿ ಆಡಿಕೊಂಡರು, ಅವರ ಬಾಯಾಗ ಮಣ್ಣು ಬೀಳಲಿ.

ಆಮೇಲೊಮ್ಮೆ ತಂಗಿ ಸರ್ವರಿ ಸೋಲಾಪುರದಿಂದ ಶಾರ್ಕ್ ಮೀನಿನ ಒಣ ತುಂಡು ತಂದು, ಸಾರು ಮಾಡಿ ಬಡಿಸಿದಳು.

“ಸಮುದ್ರದ್ದು, ಆಪಾ. ತೊಗಲು ಉಸುಕಿನ ಹಾಂಗ ಒರಟು, ಆದ್ರ ಒಳಗ ಮುಳ್ಳೇ ಇಲ್ಲ. ಎಲುಬಿನ ಜಾಗದಾಗ ನಮ್ಮ ಕಿವಿ ಹಾಂಗ ಮೆತ್ತಗ ಬಾಗೋದು ಅದ. ಸುಮ್ನ ಉಣ್ಣು.”

ಕುಲ್ಸುಮ್ ಬೀ ತುಂಡು ಮುರಿದಳು. ಬೆರಳುಗಳು ತಾವಾಗಿಯೇ ಮುಳ್ಳು ಹುಡುಕಿದವು. ಎಷ್ಟು ತಡವಿದರೂ ಏನೂ ಸಿಗಲಿಲ್ಲ.

“ಇಂಥ ಮೀನ ಮೊದಲೇ ಸಿಕ್ಕಿದ್ರ,” ಅಂದಳು, “ಅವರಿಗಿ ನಾ ಯಾಕ ಬೇಕಾಗ್ತಿದ್ದೆ?”